ಕುತ್ತಿಗೆ ಬಿಗಿದು ಉಸಿರುಗಟ್ಟಿದವರ ಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

ದುಪಟ್ಟಾ ಅಥವಾ ಸೀರೆಯ ಸೆರಗು ದ್ವಿಚಕ್ರ ವಾಹನದ ಚಕ್ರಕ್ಕೆ ಇಲ್ಲವೇ ಯಂತ್ರಕ್ಕೆ ಸಿಲುಕುವುದು, ಮಕ್ಕಳು ಆಟದಲ್ಲಿ ಹಗ್ಗಕ್ಕೆ ಸಿಲುಕುವುದು, ಹಲ್ಲೆ, ಆತ್ಮಹತ್ಯೆ ಯತ್ನ ಮುಂತಾದ ಕಾರಣಗಳಿಂದ ಕುತ್ತಿಗೆ ಬಿಗಿದು ಮಿದುಳಿಗೆ ರಕ್ತ ಹಾಗೂ ಆಮ್ಲಜನಕದ ಪೂರೈಕೆ ನಿಲ್ಲುತ್ತದೆ. ಇಂತಹ ಸಂದರ್ಭದಲ್ಲಿ ಪೊಲೀಸ್ ವಿಚಾರಣೆಗೆ ಅಂಜಿ ರೋಗಿಯನ್ನು ಮನೆಯಲ್ಲಿಯೇ ಉಳಿಸಿಕೊಳ್ಳಬಾರದೆಂದು ಗೋಪನಕೊಪ್ಪ ಹಾಗೂ ಸುತ್ತಲಿನ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸಲಾಗಿದೆ.

ತಕ್ಷಣ ಮಾಡಬೇಕಾದುದು

1. ಬಿಗಿತವನ್ನು ಸಡಿಲಿಸಿ, ಕುತ್ತಿಗೆಯನ್ನು ಹೊರಳಿಸದೆ ರೋಗಿಯನ್ನು ಸಮತಟ್ಟಾಗಿ ಮಲಗಿಸುವುದು.
2. 108ಕ್ಕೆ ಕರೆ ಮಾಡುವುದು. ಉಸಿರಾಟವಿಲ್ಲದಿದ್ದಲ್ಲಿ ಎದೆ ಒತ್ತುವಿಕೆ ಆರಂಭಿಸುವುದು.
3. ನೀರು, ಆಹಾರ ಕೊಡದಿರುವುದು.

ಆಸ್ಪತ್ರೆಯಲ್ಲಿ ಚಿಕಿತ್ಸೆ

ಗೋಪನಕೊಪ್ಪದವರು ಕಿಮ್ಸ್ ಎಂದೇ ಪರಿಚಿತವಾದ, ಹುಬ್ಬಳ್ಳಿ ವಿದ್ಯಾನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ತುರ್ತು ವಿಭಾಗವನ್ನು ಸಂಪರ್ಕಿಸಬಹುದು. ವೈದ್ಯರು ಮೊದಲು ಶ್ವಾಸಮಾರ್ಗವನ್ನು ಭದ್ರಪಡಿಸಿ ಆಮ್ಲಜನಕ ನೀಡುತ್ತಾರೆ. ಅವಶ್ಯವಿದ್ದಲ್ಲಿ ವೆಂಟಿಲೇಟರ್ ಅಳವಡಿಸುತ್ತಾರೆ. ಧ್ವನಿಪೆಟ್ಟಿಗೆ, ರಕ್ತನಾಳ ಹಾಗೂ ಕುತ್ತಿಗೆಯ ಮೂಳೆಗಳ ಗಾಯವನ್ನು ಸಿ.ಟಿ. ಸ್ಕ್ಯಾನ್ ಮೂಲಕ ಪರಿಶೀಲಿಸಲಾಗುತ್ತದೆ.

ರೋಗಿ ಮಾತನಾಡುತ್ತಿದ್ದರೂ ಕೆಲವು ಗಂಟೆಗಳ ನಂತರ ಗಂಟಲು ಊದಿಕೊಳ್ಳಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆದ್ದರಿಂದ ವೈದ್ಯರು ಅನುಮತಿಸುವವರೆಗೆ ಒಳರೋಗಿಯಾಗಿಯೇ ಇರುವುದು ಕಡ್ಡಾಯವೆಂದು ಭಾವಿಸತಕ್ಕದ್ದು.

ಫಲಿತಾಂಶ

ಹೃದಯ ಸ್ತಂಭನವಾಗಿದ್ದವರಲ್ಲಿ ಅಪಾಯ ಹೆಚ್ಚು. ಆದರೆ ಪ್ರಜ್ಞೆಯಿಲ್ಲದೆ ಬಂದವರಲ್ಲಿಯೂ ಅನೇಕರು ತೀವ್ರ ನಿಗಾ ಚಿಕಿತ್ಸೆಯಿಂದ ಪೂರ್ಣ ಗುಣಮುಖರಾಗುತ್ತಾರೆ. ಕೆಲವರಲ್ಲಿ ನೆನಪಿನ ಶಕ್ತಿ ಅಥವಾ ಧ್ವನಿಯ ತೊಂದರೆ ಉಳಿಯುವುದರಿಂದ ಮರುಪರೀಕ್ಷೆ ಅಗತ್ಯ.

ಕಾನೂನಿನ ರಕ್ಷಣೆ

ಆಸ್ಪತ್ರೆಯು ಇಂತಹ ಪ್ರಕರಣವನ್ನು ಪೊಲೀಸರಿಗೆ ತಿಳಿಸುವುದು ನಿಯಮ. ಆದರೆ ಪೊಲೀಸ್ ಪ್ರಕ್ರಿಯೆಗಾಗಿ ಚಿಕಿತ್ಸೆಯನ್ನು ತಡಮಾಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಕಲಂ 115ರಂತೆ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದು ಭಾವಿಸಿ, ಅವರಿಗೆ ಆರೈಕೆ, ಚಿಕಿತ್ಸೆ ಹಾಗೂ ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯವಾಗಿದೆ. ಅಂತಹವರನ್ನು ದಂಡಿಸುತ್ತಿದ್ದ ಭಾರತೀಯ ದಂಡ ಸಂಹಿತೆಯ ಕಲಂ 309 ದಿನಾಂಕ 1-7-2024ರಿಂದ ಜಾರಿಯಲ್ಲಿಲ್ಲ. ಆದುದರಿಂದ ನಡೆದುದನ್ನು ವೈದ್ಯರಿಗೆ ಯಥಾವತ್ತಾಗಿ ತಿಳಿಸುವುದು.

ಸೌಲಭ್ಯಗಳು

1. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯಕ್ಕಾಗಿ ಪಡಿತರ ಚೀಟಿ ಹಾಗೂ ಆಧಾರ್ ಚೀಟಿ ಹಾಜರುಪಡಿಸುವುದು. ದಾಖಲೆ ತರಲು ಕಾಯದೆ ಮೊದಲು ರೋಗಿಯನ್ನು ಕರೆತರುವುದು.
2. ಮಾನಸಿಕ ಆರೋಗ್ಯದ ಮುಂದುವರಿದ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆ.
3. ಮನಸ್ಸಿನ ನೋವಿಗೆ ದಿನದ 24 ಗಂಟೆಯೂ ಉಚಿತ ದೂರವಾಣಿ ನೆರವು: ಟೆಲಿ ಮಾನಸ್, 14416.

ರೋಗಿಯನ್ನು ನಿಂದಿಸದೆ, ಒಂಟಿಯಾಗಿ ಬಿಡದೆ, ಆರೈಕೆಗೆ ಸಹಕರಿಸಲು ಕುಟುಂಬದವರಲ್ಲಿ ಕೋರಲಾಗಿದೆ.