ಹಸಿರು ಹಾವೆಲ್ಲ ಸಾಧುವಲ್ಲ

ಕುಮಾರ ಪರ್ವತದ ಹಾದಿ. ಸೊಂಟದೆತ್ತರದ ಪೊದೆಯಲ್ಲಿ ಹಸಿರು ಹಾವೊಂದು ಸುರುಳಿ ಸುತ್ತಿ ಕೂತಿತ್ತು. ನನ್ನ ಮುಂದಿದ್ದ ಹುಡುಗ ಮೊಬೈಲನ್ನು ಅದರ ಮೂತಿಯ ಹತ್ತಿರಕ್ಕೇ ಒಯ್ದ. ಬೇಡ ಮಾರಾಯ ಅಂದೆ. ‘ಹಸಿರು ಹಾವು ಸಾರ್, ವಿಷ ಇರಲ್ಲ’ ಅಂದ.

ಅದು ಮಲಬಾರ್ ಗುಳಿಮಂಡಲ. ದಪ್ಪ ಮೈ, ಸಣ್ಣ ಕತ್ತು, ಅಗಲ ತಲೆ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಗುಳಿ. ಇಲಿ, ಹಕ್ಕಿಗಳ ಮೈಬಿಸಿಯನ್ನು ಕತ್ತಲಲ್ಲೂ ಅದು ಅಲ್ಲಿಂದಲೇ ಗ್ರಹಿಸುತ್ತದೆ. ಇದೇ ಜಾತಿಯಲ್ಲಿ ಹಳದಿ, ಕಂದು ಮೈಯವೂ ಇವೆ. ಬಣ್ಣ ನೋಡಿ ವಿಷ ಹೇಳುವ ಲೆಕ್ಕ ಇಲ್ಲಿಗೇ ಮುಗಿಯಿತು.

ಹುಡುಗನ ಮನಸ್ಸಿನಲ್ಲಿದ್ದ ಹಸಿರು ಹಾವೇ ಬೇರೆ. ಅದು ಬಳ್ಳಿಯಷ್ಟು ತೆಳು, ಚೂಪು ಮೂತಿ, ಕಣ್ಣಿನ ಪಾಪೆ ಅಡ್ಡಗೆರೆಯಂತೆ. ಮನುಷ್ಯನ ಮಟ್ಟಿಗೆ ಅದರ ವಿಷ ಸೌಮ್ಯ. ಕಣ್ಣನ್ನೇ ಹುಡುಕಿ ಕುಕ್ಕುತ್ತದೆ ಎಂಬ ಅಪವಾದವೂ ಅದರ ಮೇಲಿದೆ. ಪಾಪ, ಅದು ಇರುವುದೇ ನಮ್ಮ ಮುಖದೆತ್ತರದ ಪೊದೆಗಳಲ್ಲಿ; ಕೆಣಕಿದಾಗ ಎದುರು ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತದೆ, ಅಷ್ಟೆ.

‘ತಲೆ ತ್ರಿಕೋನವಾಗಿದ್ದರೆ ವಿಷದ ಹಾವು’ ಎನ್ನುವುದು ಇನ್ನೂ ಅಪಾಯದ ಮಾತು. ಮಂಡಲಗಳಿಗೆ ಅದು ಹೊಂದುತ್ತದೆ, ನಿಜ. ಆದರೆ ನಾಗರಹಾವಿಗಾಗಲಿ ಕಟ್ಟುಹಾವಿಗಾಗಲಿ ತ್ರಿಕೋನದ ತಲೆಯಿಲ್ಲ. ವಿಷವೇ ಇಲ್ಲದ ಹೆಬ್ಬಾವಿನ ತಲೆ ಹೆಚ್ಚುಕಡಿಮೆ ತ್ರಿಕೋನ. ಪಟ್ಟೆ ನೋಡಿ ಹೇಳುತ್ತೇನೆ ಎನ್ನುವವರಿಗೂ ತೊಡಕಿದೆ: ನಿರಪಾಯಕಾರಿ ತೋಳಹಾವಿನ ಪಟ್ಟೆ ಕತ್ತಿನಿಂದ ಶುರುವಾಗಿ ಬಾಲದತ್ತ ಮಾಸುತ್ತದೆ, ಕಟ್ಟುಹಾವಿನದು ಕತ್ತಿನ ಬಳಿ ಮಾಸಿ ಹಿಂದಕ್ಕೆ ಹೋದಂತೆ ಸ್ಪಷ್ಟವಾಗುತ್ತದೆ. ಟಾರ್ಚ್ ಬೆಳಕಲ್ಲಿ ಇದನ್ನು ಯಾರು ನೋಡುತ್ತಾ ಕೂರುತ್ತಾರೆ?

ಹೆಡೆ ಬಿಚ್ಚಿದ್ದೆಲ್ಲ ನಾಗರವಲ್ಲ. ಕಾಳಿಂಗದ ಹೆಡೆ ಕಿರಿದು, ಅದರ ಮೇಲೆ ಕನ್ನಡಕದ ಗುರುತಿಲ್ಲ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ಬೇರೆಯೇ ಪ್ರಭೇದವೆಂದು ಗುರುತಿಸಿದ ಸಂಶೋಧಕರು ನಮ್ಮ ಹೆಸರನ್ನೇ ಉಳಿಸಿಕೊಂಡರು: ಓಫಿಯೋಫೇಗಸ್ ಕಾಳಿಂಗ.

ಇನ್ನು, ಕಚ್ಚಿದ ಹಾವನ್ನು ಹೊಡೆದು ಆಸ್ಪತ್ರೆಗೆ ಒಯ್ಯಬೇಕೆಂಬ ನಂಬಿಕೆ. ಹಿಡಿಯಲು ಹೋದವರಿಗೂ ಕಚ್ಚಿಸಿಕೊಳ್ಳುವ ದಾರಿ ಅದು. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ವೈದ್ಯರು ನೋಡುವುದು ರೋಗಿಯ ಲಕ್ಷಣವನ್ನು. ಸ್ವಲ್ಪ ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಡುತ್ತಾರೆ; ಹೆಪ್ಪುಗಟ್ಟದಿದ್ದರೆ ಮಂಡಲದ ವಿಷದ ಸುಳಿವು ಸಿಕ್ಕಂತೆ. ಘಟ್ಟದ ತರಗೆಲೆಯಲ್ಲಿ ತರಗೆಲೆಯಂತೆಯೇ ಬಿದ್ದಿರುವ, ಮೂಗು ಮೇಲಕ್ಕೆದ್ದ ಪುಟ್ಟ ಗುಳಿಮಂಡಲ ಮಾತ್ರ ಆ ನಾಲ್ಕರಲ್ಲಿಲ್ಲ, ಅದರ ವಿಷಕ್ಕೆ ಈ ಪ್ರತಿವಿಷ ನಾಟುವುದಿಲ್ಲ. ಹಾಗಾಗಿ ದೂರದಿಂದ ತೆಗೆದ ಒಂದು ಫೋಟೊ ಇದ್ದರೆ ವೈದ್ಯರಿಗೆ ಉಪಕಾರ. ಅದಕ್ಕಾಗಿ ಹೊತ್ತು ಕಳೆಯಬೇಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗದಂತೆ ದಬ್ಬೆ ಕೊಟ್ಟು, ಸಾಧ್ಯವಾದಷ್ಟು ನಡೆಸದೆ ಹೊತ್ತು ತನ್ನಿ.

ಗುಳಿಮಂಡಲ ನಮ್ಮನ್ನು ಕಂಡು ಸರಿದು ಹೋಗುವ ಹಾವಲ್ಲ, ಕೂತಲ್ಲೇ ಕೂತಿರುತ್ತದೆ. ಏರುವಾಗ ಆಸರೆಗೆಂದು ಕೊಂಬೆಗೆ ಕೈ ಚಾಚುವ ಮೊದಲು ಆ ಕೊಂಬೆಯನ್ನೊಮ್ಮೆ ನೋಡಿ.