ಬಣ್ಣ ಸುಟ್ಟ ಕೇಶಕ್ಕೆ ತಾಳ್ಮೆಯೇ ಮದ್ದು

ಕಳೆದ ಮಾಘಮಾಸದ ಒಂದು ಮುಂಜಾನೆ ಮೂಡಲಗಿಯ ಕಡೆಯ ಭಕ್ತ ದಂಪತಿಗಳು ತಮ್ಮ ಮಗಳನ್ನು ಕರೆದುಕೊಂಡು ಗೋಕಾಕದ ನಮ್ಮ ಮನೆಗೆ ಬಂದರು. ಕಾಲೇಜಿನಲ್ಲಿ ಓದುವ ಹುಡುಗಿ. ತಲೆಯ ಮೇಲಿನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಂಬದ ಮರೆಯಲ್ಲಿ ನಿಂತಿದ್ದಳು. ತಂದೆಯ ಮುಖ ಕೆಂಪೇರಿತ್ತು. “ಅಜ್ಜಾರ, ಈಕಿಗೆ ನೀವರ ನಾಕ ಬುದ್ಧಿಮಾತ ಹೇಳ್ರಿ” ಎಂದರು. ತಾಯಿ ಮಾತ್ರ ಏನೂ ಹೇಳದೆ ಮಗಳ ಸೆರಗನ್ನು ಮೆಲ್ಲನೆ ಸರಿಸಿದರು. ನಾವು ಕಂಡದ್ದು ಕೇಶವಲ್ಲ. ಬೇಸಿಗೆಯ ಬಿಸಿಲಿಗೆ ಬಿದ್ದ ಜೋಳದ ಸೊಪ್ಪೆ. ಬುಡದಲ್ಲಿ ಕಪ್ಪು, ನಡುವೆ ಕಿತ್ತಳೆ, ತುದಿಯಲ್ಲಿ ಹರಿದ ಹಳದಿ. ನೆತ್ತಿಯ ಮೇಲೆ ಕೀವು ತುಂಬಿದ ಗುಳ್ಳೆಗಳು.

ವಿಷಯ ಇಷ್ಟೇ. ಅಕ್ಕನ ಮದುವೆಯಲ್ಲಿ ತಾನೂ ಹೊಂಬಣ್ಣದ ಕೂದಲಿನವಳಾಗಿ ಕಾಣಬೇಕೆಂಬ ಆಸೆ ಆ ಮಗುವಿಗೆ. ಮೊಬೈಲಿನ ವಿಡಿಯೊ ನೋಡಿ, ಪೇಟೆಯಿಂದ ಪುಡಿ, ಶೀಶೆ ತಂದು, ರಾತ್ರಿ ಬಚ್ಚಲಮನೆಯಲ್ಲಿ ಕೂದಲನ್ನು ಬಿಳಿಚಿಸಿಕೊಂಡಳು. ಹೊನ್ನಿನ ಬಣ್ಣ ಬರಲಿಲ್ಲ, ಇಟ್ಟಿಗೆಯ ಬಣ್ಣ ಬಂತು. ಮರುರಾತ್ರಿ ಮತ್ತೊಮ್ಮೆ ಹಚ್ಚಿದಳು. ಕೂದಲು ಕೈಯಲ್ಲಿಯೇ ತುಂಡಾಗತೊಡಗಿತು. ತಂದೆಯ ಭಯಕ್ಕೆ ಮೂರನೆಯ ಬಾರಿ ಕಪ್ಪು ಬಣ್ಣದ ಪುಡಿ ಕಲಸಿ ಬಳಿದುಕೊಂಡಳು. ನೆತ್ತಿ ಉರಿಯತೊಡಗಿದರೂ ಎಂಟು ದಿನ ಯಾರಿಗೂ ಹೇಳಲಿಲ್ಲ.

ನಾವು ಬುದ್ಧಿಮಾತು ಹೇಳಲಿಲ್ಲ. ಹೇಳುವ ಅಧಿಕಾರ ನಮಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಮಗೊಂದು ಸನ್ಮಾನ ಸಭೆ ಏರ್ಪಾಡಾಗಿತ್ತು. ಶಿಷ್ಯರ ಒತ್ತಾಯಕ್ಕೂ ನಮ್ಮ ಒಳಗಿನ ಚಪಲಕ್ಕೂ ಮಣಿದು, ‘ಮೆಹಂದಿ’ ಎಂದು ಅಚ್ಚು ಹಾಕಿದ್ದ ಕಪ್ಪು ಪುಡಿಯನ್ನು ತಲೆಗೂ ಮೀಸೆಗೂ ಹಚ್ಚಿಕೊಂಡೆವು. ಮೂರನೆಯ ದಿನ ಮುಖ ಕುಂಬಳಕಾಯಿಯಂತೆ ಊದಿ ಕಣ್ಣು ತೆರೆಯಲಾಗಲಿಲ್ಲ. ಸಭೆಗೆ ಹೋಗದೆ, ಜ್ವರವೆಂದು ಹೇಳಿಕಳುಹಿಸಿದೆವು. ಅಂದಿನ ನಮ್ಮ ಸುಳ್ಳೂ ಈ ಮಗುವಿನ ಎಂಟು ದಿನದ ಮೌನವೂ ಒಂದೇ ಗಿಡದ ಕಾಯಿಗಳು. ಆದ್ದರಿಂದ ತಂದೆಗೆ ಹೇಳಿದ್ದು ಒಂದೇ ಮಾತು: “ಮೊದಲು ಚರ್ಮದ ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ಸಿಟ್ಟು ಆಮೇಲೆ.”

ಅವರು ಹೋದ ಬಳಿಕ ನಾವು ಈ ವಿಷಯವನ್ನು ವೈದ್ಯಮಿತ್ರರಿಂದಲೂ ಗ್ರಂಥಗಳಿಂದಲೂ ಕೇಳಿ ಓದಿ ತಿಳಿದುಕೊಂಡೆವು. ಇಂದು ಇಂಥ ಮಗುವಿಲ್ಲದ ಓಣಿ ವಿರಳವಾದುದರಿಂದ, ತಿಳಿದದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಕೂದಲಿನ ಒಳಗೆ ನಡೆಯುವುದೇನು?

ನಾವು ಬಾಚುವ ಕೂದಲಿಗೆ ಜೀವವಿಲ್ಲ. ಜೀವವಿರುವುದು ಚರ್ಮದೊಳಗಿನ ಬೇರಿನಲ್ಲಿ. ಹೊರಗೆ ಬಂದ ಎಳೆ ಕೆರಾಟಿನ್ ಎಂಬ ಸಸಾರಜನಕದ ದಾರ. ಅದರ ಹೊರಮೈ ಮನೆಯ ಮಾಳಿಗೆಗೆ ಹೊದಿಸಿದ ಹಂಚಿನಂತೆ, ಒಂದರ ಮೇಲೊಂದು ಜೋಡಿಸಿದ ಸೂಕ್ಷ್ಮ ಹುರುಪೆಗಳಿಂದ ಕೂಡಿದೆ. ಒಳಗೆ ಬಲ ಕೊಡುವ ನಾರುಗಳೂ ಅವುಗಳ ನಡುವೆ ಮೆಲನಿನ್ ಎಂಬ ಬಣ್ಣದ ಕಣಗಳೂ ಇರುತ್ತವೆ. ಹಂಚು ಕೂಡಿಕೊಂಡಿದ್ದರೆ ಕೂದಲು ಹೊಳೆಯುತ್ತದೆ, ಎದ್ದರೆ ಒರಟಾಗುತ್ತದೆ, ಉದುರಿದರೆ ಒಳಗಿನ ನಾರು ಬಿಚ್ಚಿ ತುದಿ ಸೀಳುತ್ತದೆ.

ಬಿಳಿಚಿಸುವ ಔಷಧದಲ್ಲಿ ಅಮೋನಿಯದಂಥ ಕ್ಷಾರವಿರುತ್ತದೆ. ಅದು ಹಂಚನ್ನು ಎತ್ತುತ್ತದೆ. ಬಳಿಕ ಹೈಡ್ರೊಜನ್ ಪೆರಾಕ್ಸೈಡ್ ಒಳನುಗ್ಗಿ ಮೆಲನಿನ್ನನ್ನು ಒಡೆಯುತ್ತದೆ. ಫ್ರಾನ್ಸ್ ದೇಶದ ಥೆನಾರ್ ಎಂಬ ರಸಾಯನಶಾಸ್ತ್ರಜ್ಞ 1818ರಲ್ಲಿ ಕಂಡುಹಿಡಿದ ದ್ರವವಿದು. ಗಾಯ ತೊಳೆಯುವ ದ್ರವದಲ್ಲಿ ಇದರ ಪ್ರಮಾಣ ಶೇ. 3 ಮಾತ್ರ. ಕೂದಲಿನ ಶೀಶೆಗಳ ಮೇಲೆ 20 ವಾಲ್ಯೂಮ್ ಎಂದಿದ್ದರೆ ಶೇ. 6, 30 ಎಂದಿದ್ದರೆ ಶೇ. 9, 40 ಎಂದಿದ್ದರೆ ಶೇ. 12. ಈ ಲೆಕ್ಕ ಅರಿಯದೆ ‘ಹೆಚ್ಚು ಅಂಕಿ, ಹೆಚ್ಚು ಚಂದ’ ಎಂದು ಕೊಳ್ಳುವವರೇ ಬಹಳ.

ಪೆರಾಕ್ಸೈಡು ಬಣ್ಣವನ್ನಷ್ಟೇ ಒಡೆದು ಸುಮ್ಮನಾಗುವುದಿಲ್ಲ. ಕೆರಾಟಿನ್ನಿನ ಎಳೆಗಳನ್ನು ಒಂದಕ್ಕೊಂದು ಬಿಗಿದಿರುವ ಗಂಧಕದ ಗಂಟುಗಳನ್ನೂ ಬಿಚ್ಚುತ್ತದೆ. ನಮ್ಮ ನಾಡಿನ ಕಪ್ಪು ಕೂದಲು ಒಮ್ಮೆಲೇ ಹಳದಿಯಾಗದು. ಕಪ್ಪಿನಿಂದ ಕಂದು, ಕಂದಿನಿಂದ ಕೆಂಪು, ಕೆಂಪಿನಿಂದ ಕಿತ್ತಳೆ, ಆಮೇಲೆ ಹಳದಿ. ಕಿತ್ತಳೆಯ ಮೆಟ್ಟಿಲಲ್ಲಿ ನಿಂತ ಮಗು ಗಾಬರಿಗೊಂಡು ಮರುದಿನವೇ ಮತ್ತೆ ಹಚ್ಚುತ್ತದೆ. ನಿಜವಾದ ನಾಶ ನಡೆಯುವುದು ಆ ಎರಡನೆಯ ರಾತ್ರಿಯಲ್ಲಿ.

ಗೋಕಾಕ ಜಲಪಾತದ ಬಳಿ 1880ರ ದಶಕದಲ್ಲಿ ಹತ್ತಿಯ ನೂಲಿನ ಗಿರಣಿ ಎದ್ದುದರಿಂದ ನಮ್ಮ ಸೀಮೆಯ ಅನೇಕ ಮನೆತನಗಳಿಗೆ ನೂಲಿನ ಗುಣ ಗೊತ್ತು. ಹತ್ತಿ ಗಿಡದ ನಾರು. ಉಣ್ಣೆ, ರೇಷ್ಮೆಗಳು ಪ್ರಾಣಿಮೂಲದ ಸಸಾರಜನಕದ ನಾರು. ಬಿಳಿಯ ಹತ್ತಿಬಟ್ಟೆ ತಾಳಿಕೊಳ್ಳುವ ಕ್ಲೋರಿನ್ ದ್ರವದಲ್ಲಿ ಕಂಬಳಿಯನ್ನು ನೆನೆಯಿಟ್ಟರೆ ಅದು ಕರಗಿಹೋಗುತ್ತದೆ. ಕೂದಲು ಕಂಬಳಿಯ ಜಾತಿಯದು, ಧೋತರದ ಜಾತಿಯದಲ್ಲ. ಬಟ್ಟೆಯ, ಬಚ್ಚಲಿನ ಬ್ಲೀಚನ್ನು ತಲೆಗೆ ಮುಟ್ಟಿಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಕಪ್ಪು ಪುಡಿಯ ಗುಟ್ಟು

ಮದರಂಗಿಯ ಎಲೆಯಲ್ಲಿರುವ ಬಣ್ಣ ಕೆಂಪು-ಕಿತ್ತಳೆ. ಶುದ್ಧ ಮದರಂಗಿ ತಾನೊಂದೇ ಎಂದೂ ಕಪ್ಪಾಗದು. ನೀಲಿ ಗಿಡದ ಎಲೆಯನ್ನು ಕೂಡಿಸಿ, ಗಂಟೆಗಟ್ಟಲೆ ಬಿಟ್ಟರೆ ಕಪ್ಪಿನ ಸಮೀಪಕ್ಕೆ ಬರಬಹುದು. ಅರ್ಧ ಗಂಟೆಯಲ್ಲಿ ಕಾಡಿಗೆಯಂಥ ಕಪ್ಪು ಬಂದರೆ ಅದರಲ್ಲಿ ಪಿ.ಪಿ.ಡಿ. ಎಂದು ಕರೆಯಲ್ಪಡುವ ಪ್ಯಾರಾಫಿನೈಲೀನ್‌ಡಯಮೀನ್ ಇದೆಯೆಂದೇ ಬಹುತೇಕ ತಿಳಿಯಬೇಕು. ನಮ್ಮ ಮುಖವನ್ನು ಊದಿಸಿದ್ದೂ, ಆ ಹುಡುಗಿಯ ಸುಟ್ಟ ನೆತ್ತಿಯನ್ನು ಹುಣ್ಣಾಗಿಸಿದ್ದೂ ಇದೇ ಎಂದು ವೈದ್ಯರು ಹೇಳಿದರು. ಎಲ್ಲರಿಗೂ ಇದು ಒಗ್ಗದೆಂದಲ್ಲ. ಒಗ್ಗದವರಿಗೆ ಒಮ್ಮೆ ತಿರುಗಿಬಿದ್ದರೆ ಜೀವಮಾನವಿಡೀ ಒಗ್ಗದು. ಮುಂದಿನ ಬಾರಿಯ ಬಾವು ಹಿಂದಿನದಕ್ಕಿಂತ ಉಗ್ರವಾಗಬಹುದು.

ಆದ್ದರಿಂದ ಬಣ್ಣ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ, ಪೊಟ್ಟಣದಲ್ಲಿ ಹೇಳಿದ ರೀತಿಯಲ್ಲಿ, ಸ್ವಲ್ಪ ಹಚ್ಚಿ ನೋಡಬೇಕು. ತುರಿಕೆ, ಕೆಂಪು, ಗುಳ್ಳೆ ಕಂಡರೆ ಪೊಟ್ಟಣವನ್ನು ಎಸೆದುಬಿಡಬೇಕು. ಹುಬ್ಬಿಗೂ ರೆಪ್ಪೆಗೂ ಎಂದಿಗೂ ಹಚ್ಚಕೂಡದು. ಈ ಪುಡಿ ಬಾಯಿಗೆ ಹೋದರೆ ಗಂಟಲು ಊದಿ ಪ್ರಾಣಕ್ಕೇ ಅಪಾಯ. ಮಕ್ಕಳ ಕೈಗೆ ಸಿಗದಂತೆ ಇಡಬೇಕು, ಹೋದ ಪಕ್ಷದಲ್ಲಿ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ಮಾತು. ಕೆಲವು ಮಿಶ್ರ ಮದರಂಗಿಗಳಲ್ಲಿ ಲೋಹದ ಲವಣಗಳಿರುತ್ತವೆ. ಅಂಥದನ್ನು ಹಚ್ಚಿದ ಕೂದಲಿನ ಮೇಲೆ ಪೆರಾಕ್ಸೈಡ್ ಬಿದ್ದರೆ ಕಾವೇರಿ ಕೂದಲು ಬೆಂದುಹೋಗಬಹುದು. ಮೊದಲು ಏನು ಹಚ್ಚಿತ್ತೆಂಬುದನ್ನು ಮರೆಮಾಚದೆ ಹೇಳುವುದು ಇದಕ್ಕಾಗಿಯೇ ಅವಶ್ಯ.

ಸರಿಪಡಿಸುವ ಬಗೆ

ಓದುಗರು ಕಾಯುತ್ತಿರುವ ಪ್ರಶ್ನೆಗೆ ಈಗ ಬರೋಣ. ಸುಟ್ಟ ಕೂದಲು ಮೊದಲಿನಂತಾಗುವುದೇ? ಆಗದು. ಜೀವವಿಲ್ಲದ್ದು ತನ್ನ ಗಾಯವನ್ನು ತಾನು ಮಾಯಿಸಿಕೊಳ್ಳಲಾರದು. ‘ಒಂದೇ ವಾರದಲ್ಲಿ ಮರುಜೀವ’ ಎಂಬ ಜಾಹೀರಾತಿಗೆ ಹಣ ಸುರಿಯಬೇಡಿ. ಆದರೆ ಬೇರು ಬದುಕಿರುವವರೆಗೆ ಹೊಸ ಕೂದಲು ಸ್ವಚ್ಛವಾಗಿಯೇ ಬರುತ್ತದೆ. ನಮ್ಮ ಕೆಲಸ ಎರಡೇ: ಹಳೆಯದು ಇನ್ನಷ್ಟು ಹರಿಯದಂತೆ ನೋಡಿಕೊಳ್ಳುವುದು, ಹೊಸದು ಬರುವವರೆಗೆ ಕಾಯುವುದು.

ಮೊದಲನೆಯದಾಗಿ, ನೆತ್ತಿಯಲ್ಲಿ ಉರಿ, ಗುಳ್ಳೆ, ಕೀವು ಇದ್ದರೆ ಯಾವ ಎಣ್ಣೆಯೂ ಯಾವ ಲೇಪವೂ ಬೇಡ. ಬಣ್ಣ ಹಚ್ಚಿದಾಗಲೇ ಉರಿ ಕಂಡರೆ ತಣ್ಣೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರನ್ನು ಕಾಣಬೇಕು. ನೆತ್ತಿ ಮಾಯುವವರೆಗೆ ಮತ್ತಾವ ಪ್ರಯೋಗವೂ ನಿಷಿದ್ಧ.

ಎರಡನೆಯದಾಗಿ, ಕತ್ತರಿ. ನಮ್ಮ ಮನೆಗಳಲ್ಲಿ ಹೆಣ್ಣುಮಗಳ ಕೂದಲಿಗೆ ಕತ್ತರಿ ಹಾಕುವುದೆಂದರೆ ಅಪಶಕುನವೆಂಬ ಭಾವನೆ ಇನ್ನೂ ಇದೆ. ಆದರೆ ಸೀಳಿದ ತುದಿ ಮೇಲಕ್ಕೆ ಸೀಳುತ್ತಲೇ ಹೋಗುತ್ತದೆ. ತೀರ ಹಾಳಾದುದನ್ನು ತೆಗೆಸಿ, ಉಳಿದುದನ್ನು ಎರಡು ಮೂರು ತಿಂಗಳಿಗೊಮ್ಮೆ ಒಂದಿಷ್ಟು ಕತ್ತರಿಸುತ್ತ ಬರುವುದೇ ಲೇಸು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಭುಜದವರೆಗಿನ ಕೂದಲು ಪೂರ್ಣ ಹೊಸದಾಗಲು ಎರಡು ಮೂರು ವರ್ಷ ಬೇಕೆಂಬ ಲೆಕ್ಕವನ್ನು ಮಗುವಿಗೆ ಮೊದಲೇ ಹೇಳಿಬಿಡಬೇಕು. ಲೆಕ್ಕ ತಿಳಿದವರಿಗೆ ನಿರಾಶೆ ಕಡಿಮೆ.

ಮೂರನೆಯದಾಗಿ, ಎಣ್ಣೆ. ತೊಳೆಯುವ ಕೆಲವು ಗಂಟೆ ಮೊದಲು ಕೊಬ್ಬರಿ ಎಣ್ಣೆಯನ್ನು ಎಳೆಗಳಿಗೆ ಸವರುವುದು ಒಳ್ಳೆಯದು. ಕೊಬ್ಬರಿ ಎಣ್ಣೆ ಕೂದಲಿನ ಒಳಹೊಕ್ಕು, ತೊಳೆಯುವಾಗ ಆಗುವ ಸಸಾರಜನಕದ ನಷ್ಟವನ್ನು ತಗ್ಗಿಸುತ್ತದೆಂದೂ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳು ಹಾಗೆ ಮಾಡಲಿಲ್ಲವೆಂದೂ ಮುಂಬೈಯ ಸಂಶೋಧಕರು 2003ರಲ್ಲಿ ಪ್ರಕಟಿಸಿದರು. ಅವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೆಂಬುದನ್ನೂ ಓದುಗರು ನೆನಪಿಡಲಿ. ಆದರೂ ನಮ್ಮ ಅಜ್ಜಿಯಂದಿರ ರೂಢಿಗೆ ಅದು ಹೊಂದುತ್ತದೆ.

ನಾಲ್ಕನೆಯದಾಗಿ, ತೊಳೆಯುವ ಕ್ರಮ. ಮೈಸಾಬೂನು ಕ್ಷಾರಗುಣದ್ದು, ಎದ್ದ ಹಂಚನ್ನು ಇನ್ನಷ್ಟು ಎಬ್ಬಿಸುತ್ತದೆ. ಕೊಳವೆ ಬಾವಿಯ ಗಡಸು ನೀರಿನಲ್ಲಿ ಅದು ಜಿಡ್ಡಾಗಿ ಕೂದಲಿಗೆ ಅಂಟುತ್ತದೆ. ಮೃದುವಾದ ಶಾಂಪೂ ಸಾಕು. ಸೀಗೇಕಾಯಿಯೇ ಬೇಕೆನ್ನುವವರು ಒರಟು ಪುಡಿಯನ್ನು ತಿಕ್ಕದೆ, ಕುದಿಸಿ ಸೋಸಿದ ನೀರನ್ನು ಬಳಸಬೇಕು. ತೊಳೆದ ಬಳಿಕ ಕಂಡಿಷನರ್ ತಪ್ಪಿಸಬಾರದು. ಕರದಂಟಿನಲ್ಲಿ ಬಿಡಿಬಿಡಿಯಾದ ಒಣಹಣ್ಣುಗಳನ್ನು ಬೆಲ್ಲದ ಪಾಕ ಹಿಡಿದಿಡುವಂತೆ, ಅದು ಎದ್ದ ಹುರುಪೆಗಳನ್ನು ತಾತ್ಕಾಲಿಕವಾಗಿ ಕೂಡಿಸಿ ಹಿಡಿಯುತ್ತದೆ. ದಾಸವಾಳದ ಎಲೆಯ, ನೆನೆದ ಮೆಂತ್ಯದ ಲೋಳೆಯೂ ಸಿಕ್ಕು ಬಿಡಿಸಲು ಅನುಕೂಲ.

ಕೂದಲಿಗೆ ತತ್ತಿ ಹಚ್ಚಬೇಕೆಂದು ಹಲವರು ಹೇಳುತ್ತಾರೆ. ನಮ್ಮ ಮನೆಗಳ ತಾಯಂದಿರು ಇದರಿಂದ ಸಂಕಟಪಡುವುದನ್ನು ಕೇಳಿದ್ದೇವೆ. ಸಂಕಟ ಬೇಡ. ತತ್ತಿಯ ಸಸಾರಜನಕದ ಕಣಗಳು ಕೂದಲೊಳಗೆ ನುಗ್ಗಲಾರದಷ್ಟು ದೊಡ್ಡವು. ಹಚ್ಚದಿದ್ದುದರಿಂದ ಏನೂ ನಷ್ಟವಿಲ್ಲ. ಲಿಂಬೆರಸ ಹಚ್ಚಿ ಬಿಸಿಲಿಗೆ ಕೂಡ್ರುವುದೂ ಬೇಡ. ಅದು ಕೂದಲನ್ನು ಮತ್ತಷ್ಟು ಬಿಳಿಚಿಸಿ ನೆತ್ತಿಯನ್ನು ಉರಿಸುತ್ತದೆ.

ಐದನೆಯದಾಗಿ, ಒದ್ದೆ ಕೂದಲು ತೀರ ದುರ್ಬಲ. ಅದನ್ನು ಟವೆಲಿನಿಂದ ತಿಕ್ಕದೆ ಹಳೆಯ ಹತ್ತಿಬಟ್ಟೆಯಿಂದ ಒತ್ತಿ, ಅಗಲ ಹಲ್ಲಿನ ಬಾಚಣಿಕೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸಬೇಕು. ಬಿಸಿ ಗಾಳಿಯ, ಇಸ್ತ್ರಿಯಂಥ ಯಂತ್ರಗಳನ್ನು ಅಟ್ಟಕ್ಕೇರಿಸಬೇಕು. ಬಿಸಿಲಿನಲ್ಲಿ ತಲೆಯ ಮೇಲೆ ಸೆರಗಿರಲಿ. ನಾಚಿಕೆಗಾಗಿ ಅಲ್ಲ, ಕೂದಲಿಗಾಗಿ.

ಬಣ್ಣವನ್ನು ಸರಿಪಡಿಸಲೇಬೇಕೆಂದರೆ ಕೆಲವು ವಾರ ಕಾದು, ನೆತ್ತಿ ಪೂರ್ಣ ಮಾಯ್ದ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ಬಲ್ಲ ಕೇಶಕಾಯಕದವರ ಕೈಯಲ್ಲಿ ಮಾಡಿಸಬೇಕು. ಹಡಪದ ಅಪ್ಪಣ್ಣನವರನ್ನು ಹಿರಿಯರೆಂದು ನೆನೆವ ಈ ಕಾಯಕದವರ ಕೈಗೆ ಇರುವ ಅನುಭವ ಮೊಬೈಲಿನ ಪರದೆಗೆ ಇಲ್ಲ.

ಹಿರಿಯರಲ್ಲಿ ಒಂದು ವಿನಂತಿ

ಕೇಶವನ್ನೇ ವಸ್ತ್ರವನ್ನಾಗಿ ಧರಿಸಿದ ಅಕ್ಕಮಹಾದೇವಿಯ ಚಿತ್ರ ನಮ್ಮ ಮನೆಗಳ ಗೋಡೆಯ ಮೇಲಿದೆ. ಅದನ್ನು ತೋರಿಸಿ ಮಕ್ಕಳನ್ನು ಹೀಗಳೆಯುವ ತಂದೆತಾಯಿಗಳನ್ನು ನಾವು ಕಂಡಿದ್ದೇವೆ. ಅಕ್ಕ ಲೋಕದ ಕಣ್ಣಿಗೆ ಅಂಜದೆ ನಡೆದವಳು. ಮಕ್ಕಳನ್ನು ಅಂಜಿಸಲು ಅವಳ ಹೆಸರನ್ನು ಬಳಸುವುದು ಸಲ್ಲದು. ಆ ಹುಡುಗಿಯ ಕೂದಲನ್ನು ಕೆಡಿಸಿದ್ದು ಮೊದಲ ರಾತ್ರಿಯ ಆಸೆ. ನೆತ್ತಿಯನ್ನು ಹುಣ್ಣಾಗಿಸಿದ್ದು ಮೂರನೆಯ ರಾತ್ರಿಯ ಭಯ. ಆಸೆಗೆ ಮಗು ಹೊಣೆಯಾದರೆ ಭಯಕ್ಕೆ ಮನೆ ಹೊಣೆ. ‘ತಪ್ಪಾಯಿತು’ ಎಂದು ಮೊದಲ ದಿನವೇ ಬಂದು ಹೇಳುವ ಧೈರ್ಯವನ್ನು ಮಕ್ಕಳಿಗೆ ಕೊಟ್ಟರೆ ಅರ್ಧ ಚಿಕಿತ್ಸೆ ಆದಂತೆಯೇ.

ಈ ಕಾರ್ತಿಕದ ದೀಪೋತ್ಸವಕ್ಕೆ ಆ ಕುಟುಂಬ ಮತ್ತೆ ಬಂದಿತ್ತು. ನೆತ್ತಿ ಮಾಯ್ದಿದೆ. ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿದ್ದಾರೆ. ಕತ್ತರಿಸಲು ಕರೆದುಕೊಂಡು ಹೋದವರು ತಂದೆಯೇ ಎಂದು ತಾಯಿ ನಗುತ್ತ ಹೇಳಿದರು. ಬುಡದಿಂದ ನಾಲ್ಕೈದು ಬೆರಳು ಹೊಸ ಕಪ್ಪು ಬಂದಿದೆ, ಅದರ ಕೆಳಗೆ ಹಳೆಯ ಕಿತ್ತಳೆ ಇನ್ನೂ ಇದೆ. ಈ ಸಲ ಹುಡುಗಿ ಕಂಬದ ಮರೆಯಲ್ಲಿ ನಿಲ್ಲಲಿಲ್ಲ. ಸೆರಗು ಹೊದೆಯದೆ, ಎಲ್ಲರ ಸಾಲಿನಲ್ಲಿ ನಿಂತು ದೀಪ ಹಚ್ಚಿದಳು. ನಾವೂ ನಮ್ಮ ಬಿಳಿಯ ಮೀಸೆಯೊಡನೆ ಪಕ್ಕದಲ್ಲಿಯೇ ನಿಂತಿದ್ದೆವು.