ಭಾನುವಾರದ ದೋಸೆ, ಮಂಗಳವಾರದ ಹೋಟೆಲ್

ಅಪ್ಪನಿಗೆ ಮೈಸೂರು ಅಂದ್ರೆ ಅರಮನೆ ಅಲ್ಲ, ಚಾಮುಂಡಿ ಬೆಟ್ಟವೂ ಅಲ್ಲ. 1970ರ ದಶಕದಲ್ಲಿ ಮಹಾರಾಜ ಕಾಲೇಜಿನಲ್ಲಿ ಓದುವಾಗ, ಊರಿಂದ ಮನಿಯಾರ್ಡರ್ ಬಂದ ದಿನ ಹೋಗುತ್ತಿದ್ದ ಒಂದು ಹಳೇ ಹೋಟೆಲ್. ದೇವರಾಜ ಮಾರ್ಕೆಟ್ಟಿನಿಂದ ನಡೆದೇ ಹೋಗಬಹುದು. ಹೆಸರು ಮಾತ್ರ ಕೇಳಬೇಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮಂಡಿ ಆಪರೇಷನ್ ಆಗಿ ಆರು ತಿಂಗಳು ಮನೆಯಲ್ಲೇ ಕೂತಿದ್ದ ಅಪ್ಪ, ಒಂದಿನ ಇದ್ದಕ್ಕಿದ್ದಂತೆ ‘ಅಲ್ಲಿ ಒಂದು ದೋಸೆ ತಿನ್ಬೇಕು ಕಣೇ’ ಅಂದರು. ನಾನು ಬೆಂಗಳೂರಲ್ಲಿ ಕೆಲಸ ಮಾಡೋಳು, ಬಿಡುವು ಅಂದ್ರೆ ವೀಕೆಂಡ್ ಮಾತ್ರ. ಚಾಮುಂಡಿಪುರಂನ ಅತ್ತೆ ಮನೆಯಲ್ಲಿ ಉಳಿದುಕೊಂಡು, ಭಾನುವಾರ ಎಂಟೂವರೆಗೆ ಹೊರಟೆವು. ಅದೇ ನಾನು ಮಾಡಿದ ತಪ್ಪು.

ಬಾಗಿಲಲ್ಲಿ ಜನವೋ ಜನ. ಒಬ್ಬರು ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಕೂರೋಕೆ ಒಂದು ಬೆಂಚೂ ಇಲ್ಲ. ಅಪ್ಪ ಮುಕ್ಕಾಲು ಗಂಟೆ ಕಂಬ ಹಿಡಿದುಕೊಂಡು ನಿಂತರು. ‘ಬೇಡ ಬಿಡಿ, ಬೇರೆ ಕಡೆ ಹೋಗೋಣ’ ಅಂದರೆ ಕೇಳಲಿಲ್ಲ.

ಒಳಗೆ ನಾಲ್ಕು ಜನರ ಟೇಬಲ್. ನಮ್ಮೆದುರು ಮಾರ್ಕೆಟ್ಟಿನ ಹೂವಿನ ವ್ಯಾಪಾರಿ ಒಬ್ಬರು, ಪಕ್ಕದಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಕಾಲೇಜು ಹುಡುಗಿ. ಗುರುತಿಲ್ಲದವರ ಜೊತೆ ತಟ್ಟೆ ಹಂಚಿಕೊಂಡಷ್ಟು ಹತ್ತಿರ ಕೂರೋದು ನಮ್ಮಲ್ಲಿ ಕೆಲವರಿಗೆ ಮುಜುಗರ. ನನಗೂ ಸ್ವಲ್ಪ ಇತ್ತು. ಆದರೆ ಒಂದು ಕಾಲಕ್ಕೆ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೇ ಬೇರೆ ಪಂಕ್ತಿ ಇತ್ತು, ಜಾತಿ ಕೇಳಿ ಒಳಗೆ ಬಿಡುತ್ತಿದ್ದರು. ಹೋಟೆಲಿಗೆ ಯಾರನ್ನೂ ತಡೆಯುವಂತಿಲ್ಲ ಅಂತ ಸಂವಿಧಾನದ 15ನೇ ವಿಧಿಯಲ್ಲಿ ಬರೆಯಬೇಕಾಯಿತು. ಅದನ್ನು ನೆನೆಸಿಕೊಂಡರೆ, ‘ಸ್ವಲ್ಪ ಸರ್ಕೊಳಿ ಸಾರ್’ ಅಂತ ಯಾರ ಪಕ್ಕದಲ್ಲಿ ಬೇಕಾದರೂ ಕೂರೋದು ಸಣ್ಣ ವಿಷಯ ಅಲ್ಲ. ಹೂವಿನವರು ಅಪ್ಪನ ಕೋಲು ನೋಡಿ ತಾವೇ ಎದ್ದು ಗೋಡೆ ಪಕ್ಕದ ಜಾಗ ಬಿಟ್ಟುಕೊಟ್ಟರು.

ದೋಸೆ ಬಂತು. ಅದರ ಬಗ್ಗೆ ಸುಳ್ಳು ಹೇಳಲಾರೆ. ನಮ್ಮ ಜಾಗದಿಂದ ಅಡುಗೆಮನೆ ಕಾಣುತ್ತಿತ್ತು. ಅಗಲವಾದ ಕಾವಲಿಗೆ ನೀರು ಚಿಮುಕಿಸಿ, ತೆಂಗಿನಗರಿ ಕಡ್ಡಿಯ ಪೊರಕೆಯಲ್ಲಿ ಗುಡಿಸಿ, ಒಂದೇ ಸಲಕ್ಕೆ ಹತ್ತು ಹನ್ನೆರಡು ದೋಸೆ ಹೊಯ್ಯುತ್ತಿದ್ದರು. ಕಾವಲಿಯಿಂದ ತಟ್ಟೆಗೆ, ತಟ್ಟೆಯಿಂದ ಟೇಬಲ್ಲಿಗೆ ಒಂದು ನಿಮಿಷವೂ ಇಲ್ಲ. ಅಂಚು ಗರಿಗರಿ, ನಡುವೆ ಮೆತ್ತಗೆ, ಒಳಗೆ ಬೆಳ್ಳುಳ್ಳಿಯ ಕೆಂಪು ಚಟ್ನಿ, ಮೇಲೆ ಕರಗುತ್ತಿರುವ ಬೆಣ್ಣೆ. ಅಪ್ಪ ಮೊದಲ ತುತ್ತು ತಿಂದು ಏನೂ ಹೇಳಲಿಲ್ಲ, ಇನ್ನೊಂದು ತುತ್ತು ಮುರಿದುಕೊಂಡರು. ಅಷ್ಟೇ ಸಾಕಿತ್ತು ನನಗೆ.

ಅಪ್ಪನಿಗೆ ಈಗ ಹಲ್ಲಿನ ಸೆಟ್ಟು. ನಿಧಾನವಾಗಿ ತಿನ್ನುತ್ತಾರೆ. ಅರ್ಧ ದೋಸೆ ಇನ್ನೂ ತಟ್ಟೆಯಲ್ಲಿರುವಾಗಲೇ ಇಬ್ಬರು ಬಂದು ಅವರ ಕುರ್ಚಿ ಹಿಂದೆ ನಿಂತರು. ಸಪ್ಲೈಯರ್ ಹುಡುಗ ಬಿಲ್ ತಂದು ಲೋಟದ ಕೆಳಗಿಟ್ಟು, ‘ಬೇಗ ಆಗ್ಲಿ ಯಜಮಾನ್ರೇ, ಹಿಂದೆ ಕಾಯ್ತಿದ್ದಾರೆ’ ಅಂದ. ಕಾಫಿ ಹೇಳಿದ್ದೆವು, ಬಂದೇ ಇರಲಿಲ್ಲ. ಅಪ್ಪ ಯಾರಿಗೂ ತೊಂದರೆ ಕೊಡಬಾರದು ಅನ್ನೋ ಜಾತಿ. ಉಳಿದದ್ದು ಬಿಟ್ಟು, ಟೇಬಲ್ ಹಿಡಿದುಕೊಂಡು ಎದ್ದೇಬಿಟ್ಟರು. ತಟ್ಟೆಯಲ್ಲಿ ಉಳಿದ ಆ ಅರ್ಧ ದೋಸೆ ನೋಡಿ ನನ್ನ ಹೊಟ್ಟೆ ಉರಿದುಹೋಯಿತು.

ಗಲ್ಲಾದಲ್ಲಿ ಜಗಳಕ್ಕೇ ನಿಂತೆ. ಅಲ್ಲಿ ಕೂತಿದ್ದವರು ವಾದ ಮಾಡಲಿಲ್ಲ. ಬರದ ಕಾಫಿಯ ದುಡ್ಡು ವಾಪಸ್ ಕೊಟ್ಟು, ‘ಭಾನುವಾರ ಹೀಗೇ ಅಮ್ಮ. ವಾರದ ದಿನ ಮಧ್ಯಾಹ್ನ ಮೂರೂವರೆಗೆ ಕರ್ಕೊಂಡು ಬನ್ನಿ’ ಅಂದರು. ಆಟೋದಲ್ಲೇ ಫೋನ್ ತೆಗೆದು ಒಂದು ಸ್ಟಾರ್ ಒತ್ತಿದೆ. ‘ಯಾಕೆ, ದೋಸೆ ಚೆನ್ನಾಗಿರ್ಲಿಲ್ವಾ?’ ಅಂತ ಅಪ್ಪ ಕೇಳಿದರು. ಉತ್ತರ ಹೊಳೆಯಲಿಲ್ಲ. ರಿವ್ಯೂ ಅರ್ಧಕ್ಕೇ ನಿಂತಿತು.

ಮಂಗಳವಾರ ಅತ್ತೆ ಮನೆಯಿಂದಲೇ ಲಾಗಿನ್ ಆಗಿದ್ದೆ. ಎರಡು ಮೀಟಿಂಗಿನ ನಡುವೆ ಒಂದು ಗಂಟೆ ಬಿಡುವು ಸಿಕ್ಕಿತು, ಮತ್ತೆ ಹೋದೆವು. ಹೋಟೆಲ್ ಖಾಲಿ. ಫ್ಯಾನ್ ಸದ್ದು ಮಾತ್ರ. ಭಾನುವಾರದ ಹುಡುಗ ಇರಲಿಲ್ಲ, ವಯಸ್ಸಾದ ಸಪ್ಲೈಯರ್ ಒಬ್ಬರಿದ್ದರು. ‘ಯಾವ ಇಸವೀಲಿ ಓದಿದ್ದು ಸ್ವಾಮಿ?’ ಅಂತ ಮಾತಿಗೆಳೆದರು. ಆಗ ಮೆಟ್ಟಿಲು ಎಲ್ಲಿತ್ತು, ಕೈ ತೊಳೆಯೋ ಜಾಗ ಎಲ್ಲಿತ್ತು ಅಂತ ಇಬ್ಬರೂ ಬೆರಳು ತೋರಿಸಿ ಲೆಕ್ಕ ಹಾಕಿದರು. ಕಾಫಿ ಎರಡು ಸಲ ಬಂತು. ಯಾರೂ ಏಳಿ ಅನ್ನಲಿಲ್ಲ.

ದೋಸೆ ಮಾತ್ರ ಸಪ್ಪೆ. ಬೆಳಗಿಂದ ನಿಂತ ಹಿಟ್ಟು ಹುಳಿ ಹಿಡಿದಿತ್ತು. ಒಂದೆರಡು ದೋಸೆಗೋಸ್ಕರ ಕಾವಲಿ ಪೂರ್ತಿ ಕಾಯಿಸಿರಲಿಲ್ಲ, ಅಂಚು ಬೆಳ್ಳಗೇ ಇತ್ತು. ಕಾಯಿಚಟ್ನಿ ನೀರು ನೀರು. ಬೆಂಗಳೂರಿನ ನನ್ನ ಆಫೀಸ್ ಕ್ಯಾಂಟೀನಿನಲ್ಲೂ ಇದಕ್ಕಿಂತ ವಾಸಿ ಸಿಗುತ್ತೆ.

ಆಗ ನನಗೆ ಅನ್ನಿಸಿದ್ದು ಇದು. ಭಾನುವಾರ ದೋಸೆ ಅಷ್ಟು ಚೆನ್ನಾಗಿದ್ದದ್ದೂ, ಅಪ್ಪನನ್ನು ಎಬ್ಬಿಸಿದ್ದೂ ಒಂದೇ ನೂಕುನುಗ್ಗಲು. ಕಾವಲಿ ತಣ್ಣಗಾಗದಿರಬೇಕಾದರೆ ಕುರ್ಚಿಯೂ ಖಾಲಿ ಕೂರಬಾರದು. ಈ ಹಳೇ ಹೋಟೆಲುಗಳು ಹುಟ್ಟಿದ್ದೇ ಕಾಲೇಜಿಗೆ, ಕಚೇರಿಗೆ ಓಡುವವರಿಗಾಗಿ. 1943ರಲ್ಲಿ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಶುರುವಾದ ಹೋಟೆಲಿನ ಹೆಸರೇ ನೋಡಿ, ವಿದ್ಯಾರ್ಥಿ ಭವನ. ಅಪ್ಪ ಹುಡುಗನಾಗಿದ್ದಾಗ ಅವರೂ ಇಂಥ ಕಡೆ ಯಾರದೋ ಕುರ್ಚಿ ಹಿಂದೆ ನಿಂತವರೇ. ಕೇಳಿದ್ದಕ್ಕೆ ನಕ್ಕು, ‘ನಿಂತಿದ್ದೀನಿ. ಕೆಮ್ಮಿದ್ದೂ ಉಂಟು’ ಅಂದರು.

ಹಾಗಂತ ನಾನು ಆ ಹೋಟೆಲಿನವರನ್ನು ಬಿಟ್ಟುಕೊಡಲ್ಲ. ಬಾಗಿಲಲ್ಲಿ ಒಂದು ಬೆಂಚು ಹಾಕೋಕೆ ಎಷ್ಟು ಖರ್ಚಾಗುತ್ತೆ? ವಯಸ್ಸಾದವರಿಗೆ ಅಂತ ಗೋಡೆ ಪಕ್ಕ ಒಂದು ಟೇಬಲ್ ಮೀಸಲಿಟ್ಟರೆ ದೋಸೆ ರುಚಿ ಕೆಡಲ್ಲ. ಹೊರಡುವಾಗ ಗಲ್ಲಾದಲ್ಲಿ ಇಷ್ಟನ್ನೂ ಹೇಳಿ ಬಂದಿದ್ದೀನಿ. ‘ನೋಡೋಣ ಅಮ್ಮ’ ಅಂದಿದ್ದಾರೆ.

ಮುಂದಿನ ತಿಂಗಳು ಅಪ್ಪನ ಹಾಸ್ಟೆಲ್ ರೂಮ್‌ಮೇಟ್ ಶಿವಮೊಗ್ಗದಿಂದ ಬರುತ್ತಿದ್ದಾರೆ. ಪಾರ್ಸೆಲ್ ತರ್ತೀನಿ ಅಂದೆ, ಬೈದರು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೀತಾರೆ, ಮೊದಲ ಕಾವಲಿ ದೋಸೆ, ಜನ ಸೇರೋದು ಎಂಟರ ಮೇಲೆ ಅಂತ ಆ ವಯಸ್ಸಾದ ಸಪ್ಲೈಯರ್ ಹತ್ತಿರ ವಿಚಾರಿಸಿಕೊಂಡು ಬಂದಿದ್ದಾರಂತೆ. ಆರೂವರೆಗೆ ಆಟೋ ಹೇಳು ಅಂತ ನನಗೆ ಈಗಲೇ ಆರ್ಡರ್ ಆಗಿದೆ.